ದಿವಾದ ಮಕ್ಕಳ ಅಂಗಿಯನ್ನು ದಿವಾದಲ್ಲೇ ಹೊಲಿಸಿ

ಪಾಲಿಕೆಯ ಖರೀದಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಶಾಲಾ ಸಮವಸ್ತ್ರಕ್ಕೆಂದು ಇಟ್ಟ ನಮ್ಮ ತೆರಿಗೆಯ ಹಣವನ್ನು ನೀವು ಊರಾಚೆಯ ಕಾರ್ಖಾನೆಗೆ ಕೊಟ್ಟಿರಿ. ದಿವಾದ ಹೊಲಿಗೆಯ ಹೆಂಗಸರು ಕೆಲಸ ಕಳೆದುಕೊಂಡರು, ಮಕ್ಕಳಿಗೆ ಮೈಗೊಪ್ಪುವ ಅಂಗಿಯೂ ಸಿಗಲಿಲ್ಲ. ನನ್ನ ದೂರು ಇದು. ಮುಖತಃ ಹೇಳಲು ಬಂದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರ ಸಿಕ್ಕಿತು. ಹಾಗಾಗಿ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಉಡುಪಿ ಕಡೆಯವನು, ದುಡಿಮೆಗೆಂದು ಈ ಮಹಾನಗರದ ಅಂಚಿಗೆ ಬಂದವನು. ದಿವಾ ಸ್ಟೇಷನ್ನಿನ ಪೂರ್ವಕ್ಕೆ ಪುಟ್ಟ ಹೋಟೆಲ್ ನಡೆಸುತ್ತೇನೆ. ಎದುರಿನ ಚಾಳಿನ ಸಾಲುಮನೆಗಳ ಒಂದು ಕೋಣೆಯಲ್ಲಿ ರಮಿತಾ ಎಂಬ ನಮ್ಮ ಕಡೆಯ ಹೆಣ್ಣುಮಗಳು ನೆರೆಹೊರೆಯ ಹೆಂಗಸರನ್ನು ಸೇರಿಸಿ ಉಳಿತಾಯದ ಗುಂಪು ಕಟ್ಟಿ, ಪಾಲಿಕೆಯ ಶಾಲೆಗಳಿಗೆ ಸಮವಸ್ತ್ರ ಹೊಲಿದುಕೊಡುತ್ತಿದ್ದರು. ಬಟ್ಟೆ ಕೊಳ್ಳುತ್ತಿದ್ದದ್ದು ಇಲ್ಲಿಯ ಬಜಾರಿನಲ್ಲಿ, ಮಶೀನ್ ರಿಪೇರಿ ಇದೇ ಗಲ್ಲಿಯಲ್ಲಿ, ಸಂಜೆಯ ಚಹಾ ನನ್ನಲ್ಲಿ. ಕೂಲಿ ಕೈಗೆ ಬಂದ ದಿನ ಮೀನಿನ ಬುಟ್ಟಿಯ ಮುಂದೆಯೂ ಕಿರಾಣಿ ಅಂಗಡಿಯಲ್ಲೂ ಅವರೇ. ಹೋಟೆಲಿನವನಿಗೆ ವ್ಯಾಪಾರ ಕಡಿಮೆಯಾದ ಸಂಕಟ ಎಂದು ನೀವು ನಗಬಹುದು. ನಗಿ, ಅದೂ ಸುಳ್ಳಲ್ಲ. ಪಾಲಿಕೆ ಖರ್ಚು ಮಾಡಿದ ಹಣ ಈ ಗಲ್ಲಿಯಲ್ಲೇ ಕೈಯಿಂದ ಕೈಗೆ ಓಡಾಡುತ್ತಿತ್ತು. ಈಗ ಅದು ನಮ್ಮ ಕಣ್ಣಿಗೂ ಬೀಳದೆ ಹೊರಟುಹೋಗುತ್ತದೆ.

ಕಳೆದ ವರ್ಷ ಟೆಂಡರಿನಲ್ಲಿ ಹೊಸ ಷರತ್ತು ಬಂತು: ಕೋಟಿಗಟ್ಟಲೆ ವಹಿವಾಟು ಇಲ್ಲದವರು ಅರ್ಜಿ ಹಾಕುವಂತಿಲ್ಲ. ರಮಿತಾ ಮತ್ತು ಚಂದ್ರಬಾಯಿ ನಿಮ್ಮ ಕಚೇರಿಗೆ ಬಂದರು. ಚಂದ್ರಬಾಯಿ ಎಂದರೆ ಗುಂಪಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದವರು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಅದೇ ದುಡಿಮೆಯಿಂದ ಓದಿಸುತ್ತಿದ್ದವರು. ಗುಣಮಟ್ಟ ಮುಖ್ಯ, ದೊಡ್ಡ ಕಾರ್ಖಾನೆಯೇ ಅಗ್ಗ ಎಂದು ನೀವು ತಿಳಿಹೇಳಿ ಕಳಿಸಿದಿರಿ. ಆ ಗುಣಮಟ್ಟ ನಮ್ಮ ಶಾಲೆ ತಲುಪಿದ್ದು ಗಣಪತಿ ಹಬ್ಬದ ಹೊತ್ತಿಗೆ. ಒಂದನೇ ತರಗತಿಯ ಮಗುವಿನ ಅಂಗಿ ಮೊಣಕಾಲು ಮುಟ್ಟುತ್ತಿತ್ತು, ದೊಡ್ಡ ಹುಡುಗಿಯರಿಗೆ ಗುಂಡಿ ಕೂಡುತ್ತಿರಲಿಲ್ಲ. ತಾಯಂದಿರು ಆ ಬಟ್ಟೆ ಹೊತ್ತು ಎಲ್ಲಿಗೆ ಬಂದರು, ಗೊತ್ತೇ? ರಮಿತಾರ ಕೋಣೆಗೆ. ಬಿಚ್ಚಿ ಹೊಲಿಯುವ ಕೂಲಿ ಆ ತಾಯಂದಿರ ಕಿಸೆಯಿಂದಲೇ ಹೋಯಿತು. ಒಂದೇ ಅಂಗಿಗೆ ಎರಡೆರಡು ಸಲ ತೆತ್ತರೆ ಅದು ಯಾರಿಗೆ ಅಗ್ಗ, ಮಾನ್ಯರೇ?

ಅಂಥ ಚಿಲ್ಲರೆ ಕೆಲಸದಲ್ಲಿ ಎಲ್ಲರ ಹೊಟ್ಟೆ ತುಂಬಲಿಲ್ಲ. ಚಂದ್ರಬಾಯಿ ತಮ್ಮ ಹೊಲಿಗೆ ಮಶೀನ್ ಮಾರಿ ದೂರದ ಖಾರಘರದ ಕಚೇರಿಯೊಂದರಲ್ಲಿ ನೆಲ ಒರೆಸುವ ಕೆಲಸ ಹಿಡಿದರು. ಮನೆಯಿಂದ ನಡೆದು ಕೆಲಸಕ್ಕೆ ಬರುತ್ತಿದ್ದವರು ದಿವಾದ ಬೆಳಗಿನ ಲೋಕಲ್ ರೈಲಿಗೆ ನುಗ್ಗಬೇಕಾಯಿತು. ದೀಪಾವಳಿ ಕಳೆದ ಮೇಲೊಂದು ದಿನ, ಹತ್ತುವಾಗ ಬಾಗಿಲಿನ ಹಿಡಿ ತಪ್ಪಿ ಪ್ಲಾಟ್‌ಫಾರ್ಮಿಗೆ ಬಿದ್ದರು. ಜೀವ ಉಳಿಯಿತು, ಬಲಗೈ ಮಣಿಕಟ್ಟು ಪುಡಿಯಾಯಿತು. ಬೆರಳು ಮೊದಲಿನಂತೆ ಮಡಚುವುದು ಕಷ್ಟ ಎಂದರು ಡಾಕ್ಟರು. ನಾನೂ ರಮಿತಾರೂ ಆಸ್ಪತ್ರೆಗೆ ಹೋದಾಗ ಚಂದ್ರಬಾಯಿ ಅಳಲಿಲ್ಲ. ಇನ್ನು ಹೆಣ್ಣುಮಕ್ಕಳ ಕಾಲೇಜು ಬಿಡಿಸಬೇಕಾದೀತು ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿ ಗೋಡೆಯ ಕಡೆ ತಿರುಗಿದರು.

ಹೊರಗೆ ಬಂದು ರಮಿತಾ ನನ್ನಲ್ಲಿ ಹೇಳಿದರು: "ಧರ್ಮಪಾಲಣ್ಣ, ಅವತ್ತು ಆ ಆಫೀಸಿನಲ್ಲಿ ನಾನು ಇನ್ನೂ ಸ್ವಲ್ಪ ಗಟ್ಟಿಯಾಗಿ ಮಾತಾಡ್ಬೇಕಿತ್ತು. ಚಂದ್ರಬಾಯಿಗೆ ಮಶೀನ್ ಮಾರ್ಲಿಕ್ಕೆ ನಾನೇ ಬಿಟ್ಟೆ ನೋಡಿ."

ಗಮನಿಸಿ, ತಪ್ಪು ತನ್ನದೆಂದು ಕೊರಗುತ್ತಿರುವುದು ಆಕೆ. ಟೆಂಡರು ಯಾರನ್ನೂ ರೈಲಿನಿಂದ ದೂಡಲಿಲ್ಲ ಎಂದು ನೀವು ವಾದಿಸಬಹುದು. ಒಪ್ಪುತ್ತೇನೆ. ಆದರೆ ಚಂದ್ರಬಾಯಿಯನ್ನು ಆ ರೈಲಿನ ಬಾಗಿಲಿನವರೆಗೆ ತಂದು ನಿಲ್ಲಿಸಿದ್ದು ಯಾವುದು?

ಮುಂದಿನ ಟೆಂಡರನ್ನು ವಾರ್ಡುವಾರು ಒಡೆಯಿರಿ. ವಹಿವಾಟಿನ ಷರತ್ತು ತೆಗೆದು ಹೊಲಿಗೆಯನ್ನು ನೋಡಿ ಆರಿಸಿ. ಕೆಟ್ಟದ್ದಾದರೆ ಮುಲಾಜಿಲ್ಲದೆ ಹಿಂದಿರುಗಿಸಿ. ಹಣ ಹೊತ್ತಿಗೆ ಸರಿಯಾಗಿ ಕೊಡಿ, ಏಕೆಂದರೆ ಕಾಯುವ ಶಕ್ತಿ ದೊಡ್ಡವರಿಗೆ ಮಾತ್ರ ಇರುತ್ತದೆ. ಶಾಲೆಯ ಬೆಂಚಿಗೂ ಬಿಸಿಯೂಟಕ್ಕೂ ಮೊದಲು ಹತ್ತಿರದವರನ್ನು ವಿಚಾರಿಸಿ. ಉಳಿದ ಮಶೀನುಗಳೂ ಮಾರಾಟವಾಗುವ ಮುನ್ನ ಲಿಖಿತ ಉತ್ತರ ಬೇಕು. ಚಂದ್ರಬಾಯಿಗೆ ಇನ್ನು ಬಟ್ಟೆ ಕತ್ತರಿಸಲಾಗದು, ಹೊಸಬರಿಗೆ ಕಲಿಸಲು ಆದೀತು. ಕೋಣೆಯಲ್ಲಿ ಅವರ ಜಾಗವನ್ನು ರಮಿತಾ ಖಾಲಿ ಇಟ್ಟಿದ್ದಾರೆ. ಕೆಲಸ ಮಾತ್ರ ನಿಮ್ಮ ಬಳಿ ಇದೆ.

ಇಂತಿ,
ತೆರಿಗೆ ಕಟ್ಟುವ ದಿನ ಮಾತ್ರ ನಾಗರಿಕನೆನಿಸಿಕೊಳ್ಳುವ
ಧರ್ಮಪಾಲ
ದಿವಾ ಪೂರ್ವ