ಪೆಟ್ರೋಲ್ ಕಳ್ಳ

ಜೂನ್ 3, ಸೋಮವಾರ. ಬೆಳಿಗ್ಗೆ 7

ಮತ್ತೆ ಟ್ಯಾಂಕ್ ಫುಲ್ ಮಾಡಿಸಿದೆ. ಲೀಟರಿಗೆ ಹದಿನೈದು ಕಿಲೋಮೀಟರ್ ಓಡುತ್ತಿದ್ದ ಕಾರು ಈಗ ಹನ್ನೊಂದಕ್ಕೇ ಬಾಯಿ ಬಿಡುತ್ತಿದೆ. ಟೈರಿನ ಗಾಳಿ ಸರಿಯಿದೆ. ಏರ್ ಫಿಲ್ಟರ್ ಹೊಸದು. ಕೆಳಗೆ ತೂರಿ ನೋಡಿದೆ — ಒಂದು ತೊಟ್ಟೂ ಸೋರುತ್ತಿಲ್ಲ. ಸೊಂಟ ಹಿಡಿದುಕೊಂಡಿತು, ಅಷ್ಟೇ ಲಾಭ.

ಬಾಮೈದ ಬಂದು ಕೀ ತೆಗೆದುಕೊಂಡು ಹೋದ. ಸೋಮವಾರ, ಗುರುವಾರ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಲಕ್ವ ಹೊಡೆದ ಎಡಗಾಲಿಗೆ ಅಲ್ಲಿ ವ್ಯಾಯಾಮ ಮಾಡಿಸುತ್ತಾರೆ. ಅದಕ್ಕೆಂದೇ ಕೆಲಸ ಬಿಟ್ಟು ಆರು ತಿಂಗಳಾಯಿತು ಅವನು. ಕೆಲಸವಿಲ್ಲದವನ ಕೈಗೆ ಕಾರು... ಬರೆಯಬಾರದು ಅಂದುಕೊಂಡೆ. ಬರೆದೆ.

ಜೂನ್ 6, ಗುರುವಾರ. ಸಂಜೆ

ಇವತ್ತು ಪರೀಕ್ಷೆ ಮಾಡಿದೆ. ಅವನು ಬರುವ ಮೊದಲು ಟ್ಯಾಂಕಿನ ಕತ್ತಿನವರೆಗೂ ತುಂಬಿಸಿ, ಮೀಟರ್ ಬರೆದಿಟ್ಟುಕೊಂಡೆ. ವಾಪಸ್ ಬಂದಾಗ ಇಪ್ಪತ್ತೆರಡು ಕಿಲೋಮೀಟರ್. ಆಸ್ಪತ್ರೆಗೆ ಹೋಗಿ ಬರುವಷ್ಟೇ. ಮತ್ತೆ ಬಂಕಿಗೆ ಹೋದರೆ ಎರಡು ಲೀಟರ್ ಹಿಡಿಯಿತು. ಒಂದೂವರೆ ಸಾಕಿತ್ತು. ಉಳಿದದ್ದು ಆವಿಯಾಯಿತೇ?

ಎಲ್ಲೂ ಸುತ್ತಾಡಿಲ್ಲ ಅಂದಮೇಲೆ ಪೈಪ್ ಹಾಕಿ ಎಳೆದಿರಬೇಕು. ಇವಳಿಗೆ ಹೇಳಿದೆ.

"ರೀ, ಅರ್ಧ ಲೀಟರ್ ಪೆಟ್ರೋಲ್ ಕದ್ದು ಅವನೇನು ಕುಡೀತಾನಾ?"

"ಬೈಕಿಗೆ ಹಾಕ್ಕೊಳ್ತಾನೆ."

"ಬೈಕ್ ಮಾರಿ ವರ್ಷ ಆಯ್ತು. ಗೊತ್ತಿಲ್ವಾ ನಿಮಗೆ?"

ಬಾಯಿ ಮುಚ್ಚಿಕೊಂಡೆ. ಮನಸ್ಸು ಮುಚ್ಚಿಕೊಳ್ಳಲಿಲ್ಲ.

ಜೂನ್ 10, ಸೋಮವಾರ

ಕೇಳಿಯೇಬಿಟ್ಟೆ. ಅದೂ ಆಸ್ಪತ್ರೆಯಿಂದ ಬಂದ ಅತ್ತೆ ಇನ್ನೂ ಹಿಂದಿನ ಸೀಟಿನಲ್ಲಿ ಕೂತಿದ್ದಾಗ.

"ಪೈಪ್ ಎಲ್ಲಿಟ್ಟಿದ್ದೀಯಪ್ಪಾ?" ಅಂದೆ. ತಮಾಷೆ ಮಾಡುವವನ ಹಾಗೆ.

"ಯಾವ ಪೈಪ್ ಭಾವ?"

"ಪೆಟ್ರೋಲ್ ಎಳೆಯೋ ಪೈಪ್."

ಅವನು ಮೊದಲು ನಕ್ಕ. ನಾನು ನಗಲಿಲ್ಲ. ಅವನ ನಗು ಹಾಗೇ ಮುಖದ ಮೇಲೆ ಒಣಗಿತು. ಕೀಯನ್ನು ಬಾನೆಟ್ ಮೇಲಿಟ್ಟ. ಎಸೆಯಲಿಲ್ಲ, ಮೆಲ್ಲಗೆ ಇಟ್ಟ. ಆಮೇಲೆ ಅತ್ತೆಯ ಕಂಕುಳಿಗೆ ಕೈಕೊಟ್ಟು ಇಳಿಸಿಕೊಂಡು ನಡೆಸುತ್ತಾ ಹೋದ. ಅವರ ಮನೆ ಎರಡು ಬೀದಿ ಆಚೆ. ಅಷ್ಟಕ್ಕೇ ಮೂರು ಕಡೆ ನಿಂತರು ಅತ್ತೆ. ಒಂದು ಸಲವೂ ಹಿಂದಕ್ಕೆ ತಿರುಗಿ ನೋಡಲಿಲ್ಲ.

ಜೂನ್ 13, ಗುರುವಾರ

ಕೀ ಕೇಳಲು ಬರಲಿಲ್ಲ. ಬಸ್ಸಿನಲ್ಲಿ ಹೋದರಂತೆ.

ಜೂನ್ 24, ಸೋಮವಾರ

ಎರಡು ವಾರದಿಂದ ಕಾರು ಓಡಿಸಿದವನು ನಾನೊಬ್ಬನೇ. ಮನೆ, ಶಾಲೆ, ಮಾರ್ಕೆಟ್. ಇವತ್ತು ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದೆ. ಹನ್ನೊಂದು. ಮತ್ತೆ ಹಾಕಿದೆ. ಹನ್ನೊಂದೇ.

ಅವನು ಓಡಿಸಿದ ದಿನ ಮಾತ್ರ ಅಳೆದಿದ್ದೆ. ನಾನೊಬ್ಬನೇ ಓಡಿಸಿದ್ದನ್ನು ಅಳೆದದ್ದು ಇವತ್ತೇ ಮೊದಲು. ಮಕ್ಕಳು ಪ್ರಯೋಗದಲ್ಲಿ ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ. ವಿಜ್ಞಾನದ ಮೇಷ್ಟ್ರಂತೆ ನಾನು.

ಜೂನ್ 25, ಮಂಗಳವಾರ. ಗ್ಯಾರೇಜಿನಿಂದ ಬಂದ ಮೇಲೆ

ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿ. ಈಗ ಅವನಿಗೇ ತಲೆ ನರೆತಿದೆ. ಅರ್ಧ ಗಂಟೆ ಇಂಜಿನ್ ಓಡಿಸಿ ಡಬ್ಬಿಯಂಥ ಮಷಿನ್ ತಗುಲಿಸಿ ನೋಡಿದ.

"ಮೇಷ್ಟ್ರೇ, ನಿಮ್ಮ ಇಂಜಿನ್ ಬಿಸೀನೇ ಆಗ್ತಿಲ್ಲ."

"ಒಳ್ಳೇದೇ ಅಲ್ವೇನಯ್ಯಾ?"

"ಒಳ್ಳೇದಾ! ಗಾಡಿ ಇನ್ನೂ ಚಳೀಲಿ ನಡುಗ್ತಿದೆ ಅಂದ್ಕೊಂಡು ಒಳಗಿನ ಕಂಪ್ಯೂಟರ್ ಪೆಟ್ರೋಲ್ ಸುರೀತಾನೇ ಇದೆ."

ರೇಡಿಯೇಟರ್ ಪೈಪ್ ಬಿಚ್ಚಿ ಒಳಗೆ ಬೆರಳು ಹಾಕಿದ. ಖಾಲಿ. ಥರ್ಮೋಸ್ಟಾಟ್ ಇಲ್ಲ. ಇಂಜಿನ್ ಹದಕ್ಕೆ ಬಿಸಿಯಾಗುವವರೆಗೂ ನೀರನ್ನು ತಡೆದಿಡುವ ಪುಟ್ಟ ಬಾಗಿಲು ಅದು.

"ಯಾವ ಪುಣ್ಯಾತ್ಮ ಕಿತ್ತಿದ್ದು ಇದನ್ನ?"

ಈ ಪುಣ್ಯಾತ್ಮನೇ. ಬೇಸಿಗೆಯಲ್ಲಿ ಒಮ್ಮೆ ಇಂಜಿನ್ ಕಾದಿತ್ತು. ಅಪ್ಪ ನೀರೆತ್ತುವ ಇಂಜಿನ್‌ಗೆ ಇದೇ ಮದ್ದು ಮಾಡುತ್ತಿದ್ದರು — ತಡೆಯುವುದನ್ನು ಕಿತ್ತು ಬಿಸಾಡು, ನೀರು ಧಾರಾಳವಾಗಿ ಹರಿಯಲಿ. ನಾನೂ ಅದನ್ನೇ ಮಾಡಿದೆ. ಆಮೇಲೆ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇಳಲೇ ಇಲ್ಲ. ಕಂಡವರಿಗೆಲ್ಲ ತೋರಿಸಿ ಮೆರೆದೆ. ಆವತ್ತು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತವನು ಬಾಮೈದ. "ಭಾವ, ಏನಕ್ಕೋ ಬೇಕು ಅಂತಾನೇ ಇಟ್ಟಿರ್ತಾರಲ್ವಾ?" ಅಂದಿದ್ದ. "ನೀನು ಬೆಳಕು ನೆಟ್ಟಗೆ ಹಿಡಿ" ಅಂದಿದ್ದೆ.

ಇಷ್ಟೆಲ್ಲ ಮೆಕ್ಯಾನಿಕ್‌ಗೆ ಹೇಳಬೇಕಿತ್ತು. ಹೇಳಲಿಲ್ಲ. ಅವನೇ ಕೇಳಿದ — "ನಿಮ್ಮ ಬಾಮೈದ ಓಡಿಸ್ತಿದ್ರಲ್ಲ, ಅವರ ಕೈಚಳಕಾನಾ?"

ನಾನು... ತಲೆ ಆಡಿಸಿದೆ. ಹೌದೂ ಅಲ್ಲ, ಇಲ್ಲವೂ ಅಲ್ಲ. ಹಾಗಂತ ಇಲ್ಲಿ ಬರೆಯುತ್ತಿದ್ದೇನೆ. ಹೌದು ಅಂತಲೇ ಆಡಿಸಿದ್ದು.

ಜೂನ್ 29, ಶನಿವಾರ

ಹೊಸದು ಹಾಕಿದ ಮೇಲೆ ಕಾರು ಮತ್ತೆ ಹದಿನೈದಕ್ಕೆ ಬಂದಿದೆ. ಮುಳ್ಳು ಅರ್ಧಕ್ಕೆ ಏರಿ ನಿಲ್ಲುತ್ತದೆ. ನೋಡಿದಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತದೆ.

ಇವಳು ಕೇಳಿದಳು, "ಏನಾಗಿತ್ತಂತೆ?"

"ಯಾವುದೋ ಪಾರ್ಟು."

"ಅಂದ್ರೆ ನನ್ನ ತಮ್ಮ ಕದ್ದಿರಲಿಲ್ಲ."

"ಇಲ್ಲ."

"ಅವನಿಗೆ ಹೇಳಿದ್ರಾ?"

ಪೇಪರ್ ಓದುತ್ತಾ ಕೂತೆ. ತಲೆಕೆಳಗಾಗಿ ಹಿಡಿದಿದ್ದರೂ ಗೊತ್ತಾಗುತ್ತಿರಲಿಲ್ಲ.

ಜುಲೈ 2, ಮಂಗಳವಾರ

ದಾರಿಯಲ್ಲಿ ಮೆಕ್ಯಾನಿಕ್ ಸಿಕ್ಕ. ಬಾಯ್ತುಂಬ ನಗು.

"ನಿಮ್ಮ ಬಾಮೈದನ್ನ ಬಸ್‌ಸ್ಟಾಪಲ್ಲಿ ಹಿಡ್ಕೊಂಡು ಚೆನ್ನಾಗಿ ಬೈದೆ ಮೇಷ್ಟ್ರೇ. ಗೊತ್ತಿಲ್ದೇ ಇಂಜಿನ್‌ಗೆ ಕೈ ಹಾಕ್ತೀರಲ್ರೀ, ಬುದ್ಧಿ ಇಲ್ವಾ ಅಂದೆ."

ನೆಲ ಬಿರಿಯಬಾರದೇ ಅನಿಸಿತು. "ಅವನೇನಂದ?"

"ಒಂದು ಗಳಿಗೆ ನನ್ನನ್ನೇ ನೋಡಿದ್ರು. ಆಮೇಲೆ, ಹೌದು, ನಾನೇ ಕಿತ್ತಿದ್ದು ಅಂದ್ರು. ಒಳ್ಳೆ ಮನುಷ್ಯ ಬಿಡಿ, ತಪ್ಪು ಒಪ್ಪಿಕೊಂಡ್ರು. ಪಕ್ಕದಲ್ಲಿ ಅವರ ತಾಯಿ ಇದ್ರು, ಪಾಪ, ತಲೆ ತಗ್ಗಿಸಿಬಿಟ್ರು."

ಶಾಲೆಗೆ ಹೋಗಿ ಏಳನೇ ಕ್ಲಾಸಿಗೆ ಏನು ಪಾಠ ಮಾಡಿದೆನೋ ನೆನಪಿಲ್ಲ.

ಜುಲೈ 3, ಬುಧವಾರ

ಇವಳಿಗೆ ಎಲ್ಲ ಹೇಳಿದೆ. ಟಾರ್ಚಿನಿಂದ ಹಿಡಿದು ತಲೆ ಆಡಿಸಿದ್ದರವರೆಗೂ. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು.

"ನನ್ ಹತ್ರ ಹೇಳಿ ಹಗುರ ಆಗ್ಬೇಡಿ. ಅಮ್ಮನ ಎದುರಿಗೆ ಕಳ್ಳ ಅಂದ್ರಲ್ಲ, ಅಮ್ಮನ ಎದುರಿಗೇ ಹೇಳಿ" ಅಂದಳು.

ಜುಲೈ 4, ಗುರುವಾರ. ಬೆಳಿಗ್ಗೆ 7.20

ಶಾಲೆಗೆ ರಜೆ ಹಾಕಿದೆ. ಅತ್ತೆ ಮನೆ ಎದುರಿಗೆ ಕಾರಿನಲ್ಲೇ ಕೂತು ಸ್ಟಿಯರಿಂಗ್ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮೊದಲ ಮಾತು ಯಾವುದು ಅಂತ. "ಒಂದು ವಿಷಯ ಹೇಳ್ಬೇಕಿತ್ತು" — ಬೇಡ, ಸುತ್ತಿ ಬಳಸಿದಂತಾಗುತ್ತದೆ. "ಕ್ಷಮಿಸಪ್ಪಾ" — ಯಾತಕ್ಕೆ ಅಂತ ಹೇಳದೆ ಕ್ಷಮೆ ಕೇಳಿದರೆ ಅದೂ ಕಳ್ಳತನವೇ.

ಬಾಗಿಲು ತೆರೆಯಿತು. ಅವನು ಚೀಲ ಹೆಗಲಿಗೆ ಹಾಕಿಕೊಂಡಿದ್ದಾನೆ. ಅತ್ತೆ ಅವನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಾರೆ. ಬಸ್‌ಸ್ಟಾಪಿಗೆ.

ಕಾರು ನೋಡಿದರು. ಅವನು ಮುಖ ತಿರುಗಿಸಿದ. ಅತ್ತೆ ತಿರುಗಿಸಲಿಲ್ಲ, ಅವನ ಕೈ ಬಿಡಿಸಿಕೊಂಡರು. ಕೋಲೂರಿ ಒಬ್ಬರೇ ಈ ಕಡೆಗೆ ಬರುತ್ತಿದ್ದಾರೆ. ಎಡಗಾಲು ಎಳೆಯುತ್ತಿದೆ. ಮಗನೇ ಮಾಡಿದ್ದು ಅಂದುಕೊಂಡ ತಪ್ಪಿಗೆ ಅವರೇ ನನ್ನಲ್ಲಿ ಕ್ಷಮೆ ಕೇಳಲು... ಇಲ್ಲ, ಅವರು ಬಾಯಿ ತೆರೆಯುವ ಮೊದಲೇ ನಾನು ಇಳಿದು —