ಎಲಾದಿಯೊನನ್ನು ಮೊದಲು ಕರೆದವರು

ಕೊರುನ್ಯಾ,
ಸೆಪ್ಟೆಂಬರ್ ಐದು, ಗುರುವಾರ

ಬಲ್ಬಿನಾ ಅವರಿಗೆ,

'ಪ್ರೀತಿಯ' ಎಂದು ಬರೆದರೆ ಇಬ್ಬರಿಗೂ ನಗು ಬರುತ್ತದೆ, ಅದಕ್ಕೇ ಬಿಟ್ಟಿದ್ದೇನೆ. ನೀವು ಕ್ಷೇಮ ಎಂದು ಸಬೇಲಾ ಹೇಳಿದಳು. ಕೇಳದಿದ್ದರೂ ಹೇಳುತ್ತಾಳೆ.

ನಿನ್ನೆ ಬೆಳಿಗ್ಗೆ ನಾನು, ನನ್ನ ಮಗ ಬ್ರಾಯ್ಸ್, ನಿಮ್ಮ ಮಗಳು ಸಬೇಲಾ ಮೂವರೂ ಸ್ಮಶಾನಕ್ಕೆ ಹೋಗಿದ್ದೆವು, ಮಕ್ಕಳಿಬ್ಬರ ಅಪ್ಪ ಎಲಾದಿಯೊನನ್ನು ಕರೆಯಲು. 'ಮುಂದಿನ ವರ್ಷ, ಮುಂದಿನ ವರ್ಷ' ಎನ್ನುತ್ತಲೇ ತೆಯ್ಶಿದೊದ ಸಂತ ಆಂದ್ರೆಯ ಗುಡಿಯನ್ನು ನೋಡದೆ ಸತ್ತ ಮನುಷ್ಯ. ಬದುಕಿದ್ದಾಗ ಹೋಗದವರು ಸತ್ತ ಮೇಲಾದರೂ ಅಲ್ಲಿಗೆ ಹೋಗಲೇಬೇಕು. ಅಂಥವರನ್ನು ಮನೆಯವರು ಗೋರಿ ತಟ್ಟಿ, ಹೆಸರು ಹಿಡಿದು ಕರೆದು, ಜೊತೆಯಲ್ಲಿ ನಡೆಸಿಕೊಂಡು ಹೋಗಬೇಕು. ಇಲ್ಲದಿದ್ದರೆ ಅವರು ಹಲ್ಲಿಯಾಗಿಯೋ ಜೀರುಂಡೆಯಾಗಿಯೋ ಆ ದಾರಿಯನ್ನು ಒಂಟಿಯಾಗಿ ತೆವಳಬೇಕು ಎಂದು ನಿಮ್ಮ ಅಜ್ಜಿಯೂ ಹೇಳಿರುತ್ತಾರೆ, ನನ್ನ ಅಜ್ಜಿಯೂ ಹೇಳಿದ್ದರು. ಹೂವಿಟ್ಟೆ. ಬೆರಳು ಮಡಿಸಿ ಕಲ್ಲು ತಟ್ಟಿದೆ. "ಎಲಾದಿಯೊ, ಶನಿವಾರ ಹೊರಡ್ತೀವಿ, ಏಳು" ಎಂದೆ.

ಪಕ್ಕದಲ್ಲಿ ಗುಡಿಸುತ್ತಿದ್ದ ಕಾವಲುಗಾರ ಗಂಟಲು ಸರಿಮಾಡಿಕೊಂಡ. "ಅಮ್ಮಾ, ಇವರನ್ನ ಸೋಮವಾರಾನೇ ಒಬ್ರು ಬಂದು ಕರ್ಕೊಂಡು ಹೋದ್ರಲ್ಲ? ನೀಲಿ ಕೋಟು ಹಾಕ್ಕೊಂಡಿದ್ರು. ತುಂಬ ಹೊತ್ತು ಮಾತಾಡಿದ್ರು."

ನೀಲಿ ಕೋಟು! ನಿಮ್ಮಿಬ್ಬರ ವಿಚ್ಛೇದನದ ದಿನ ನ್ಯಾಯಾಲಯದ ಮೆಟ್ಟಿಲಿಳಿದಾಗಲೂ ನೀವು ನೀಲಿ ಕೋಟಿನಲ್ಲೇ ಇದ್ದಿರಿ. ನನ್ನ ನೆನಪಿನ ಬಗ್ಗೆ ಅನುಮಾನವಿದ್ದರೆ ಇಲ್ಲಿನ ಪತ್ರಿಕೆಯವರನ್ನು ಕೇಳಿ. ಊರಿನ ಟ್ರಾಮ್ ನಿಂತಾಗ ಯಾರು ಏನು ಮಾತು ಕೊಟ್ಟಿದ್ದರೆಂದು ವಾಚಕರ ಅಂಕಣದಲ್ಲಿ ಇಂದಿಗೂ ನೆನಪಿಸುತ್ತಿರುವವಳು ನಾನು. ಕಾನೂನು ಬಿಡಿಸಿದ ಗಂಡನನ್ನು ಸತ್ತ ಮೇಲೆ ಬಂದು ಕರೆದುಕೊಂಡು ಹೋಗಲು ಯಾವ ಹಕ್ಕು ಎಂದು ಆ ಅಂಕಣದಲ್ಲೇ ಕೇಳುವವಳಿದ್ದೆ. ಬ್ರಾಯ್ಸ್ ತಡೆದ.

"ಅಮ್ಮ, ಇಷ್ಟೊಂದು ಪುಸ್ತಕ ಓದಿದೀಯ, ಇದನ್ನೆಲ್ಲ ನಂಬ್ತೀಯಾ?" ಎಂದು ಕೇಳಿದ.

ನಂಬುವುದಿಲ್ಲ. ಆದರೆ ಬೇರೆಯವರು ಕರೆದದ್ದನ್ನು ಸಹಿಸುವುದೂ ಇಲ್ಲ.

ಹೊರಡುವ ಮೊದಲು ಅಪ್ಪನಿಗೆ ಊರೆಲ್ಲ ಒಂದು ಸುತ್ತು ತೋರಿಸಬೇಕೆಂದು ಮಕ್ಕಳಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಹೊರಟೆವು. ಬಿಸಿಬಿಸಿ ಕರಿದ ಚುರ್ರೊ ತಿನ್ನಲು ಕುಳಿತಲ್ಲಿ ಅವನಿಗೊಂದು ಕುರ್ಚಿ ಬಿಟ್ಟೆವು. ಪಕ್ಕದ ಮೇಜಿನವನು ಬಂದು, "ಈ ಕುರ್ಚಿ ತಗೋಬಹುದಾ?" ಎಂದ.

"ಇಲ್ಲ, ನನ್ನ ಗಂಡ ಕೂತಿದ್ದಾರೆ" ಎಂದೆ.

"ಕೂತಿದ್ದಾರೋ, ಇನ್ಯಾರದೋ ಮನೇಲಿ ಕಾಫಿ ಕುಡೀತಿದ್ದಾರೋ, ಯಾರಿಗೆ ಗೊತ್ತು" ಎಂದ ಬ್ರಾಯ್ಸ್. ಹೆತ್ತ ಮಗ! ಆ ಕುರ್ಚಿಯ ಮುಂದಿಟ್ಟಿದ್ದ ಬಟ್ಟಲಿನ ಬಿಸಿ ಚಾಕೊಲೇಟ್ ಆರಿ ಕೆನೆಗಟ್ಟಿತು.

ಆಮೇಲೆ ನಿಮ್ಮ ಮಗಳು ಶುರುಮಾಡಿದಳು. ಬಂದರಿನ ಗಾಜಿನ ಮನೆಗಳ ಕೆಳಗೆ, "ಅಪ್ಪ ನನ್ನನ್ನೂ ಅಮ್ಮನನ್ನೂ ಇಲ್ಲಿ ನಿಲ್ಲಿಸಿ ಫೋಟೋ ತೆಗೀತಿದ್ರು." ಓರ್ಸಾನ್ ಕಡಲತೀರದಲ್ಲಿ, "ಇಲ್ಲೇ ಅಮ್ಮನ ಚಪ್ಪಲಿ ಅಲೆ ಎಳ್ಕೊಂಡು ಹೋಗಿ, ಅಪ್ಪ ಅವಳನ್ನ ಹೊತ್ಕೊಂಡು ಮನೆಗೆ ಬಂದಿದ್ದು." ಅವನು ನನ್ನ ಕೈ ಹಿಡಿದು, ಈಗಷ್ಟೇ ಕಂಡುಹಿಡಿದವನಂತೆ ತೋರಿಸಿದ ಜಾಗಗಳು ಇವು. ನನ್ನನ್ನು ಎಂದೂ ಹೊತ್ತಿರಲಿಲ್ಲ. ಸೊಂಟನೋವು ಎನ್ನುತ್ತಿದ್ದ.

ಹರ್ಕ್ಯುಲಿಸ್ ಗೋಪುರದ ಬಳಿ ಬಿಸಿಲಿಗೆ ಕುಳಿತಿದ್ದೆವು. ಕಲ್ಲಿನ ಸಂದಿಯಿಂದ ಹಲ್ಲಿಯೊಂದು ಹೊರಬಂತು. "ಯಾರೂ ಕಾಲು ಅಲ್ಲಾಡಿಸಬೇಡಿ!" ಎಂದು ನಾನು ಕೂಗಿದ್ದಕ್ಕೆ ಪ್ರವಾಸಿಗರು ತಿರುಗಿ ನೋಡಿದರು. ಅದು ನನ್ನ ಬೂಟಿನ ತನಕ ಬಂತು, ನಿಂತಿತು, ಸರಕ್ಕನೆ ತಿರುಗಿ ಸಬೇಲಾಳ ಪಾದದ ಮೇಲೆ ಹತ್ತಿ ಕುಳಿತಿತು. "ಅಪ್ಪಾ" ಎಂದು ಆ ಹುಡುಗಿ ನಗುತ್ತ ಅತ್ತಳು.

ಮೂವತ್ತು ವರ್ಷ ಅವನ ಅಂಗಿಗಳಿಗೆ ಇಸ್ತ್ರಿ ಹಾಕಿದವಳು ನಾನು. ಹತ್ತಿದ್ದು ನಿಮ್ಮ ಮಗಳ ಪಾದ. ಅವನ ಮಗಳೂ ಹೌದಲ್ಲ ಎಂದು ಬ್ರಾಯ್ಸ್ ನ್ಯಾಯ ಹೇಳಿದ. ನ್ಯಾಯ ಹೇಳುವ ಚಟ ಅವನಿಗೆ ನನ್ನಿಂದಲೇ ಬಂದದ್ದು, ಏನು ಮಾಡಲಿ?

ತಡೆಯಲಾರದೆ ಸಬೇಲಾಳನ್ನು ಕೇಳಿಯೇಬಿಟ್ಟೆ. "ಬಿಟ್ಟುಹೋದವರಿಗೆ ಈಗ್ಯಾಕೆ ಈ ಉಸಾಬರಿ?"

"ಚಿಕ್ಕಮ್ಮ, ಬೈಬೇಡಿ" ಎಂದಳು. "ಅಮ್ಮ ಈ ಭಾನುವಾರ ತೆಯ್ಶಿದೊಗೆ ಹೊರಡ್ತಾಳೆ. ಒಬ್ಬಳೇ. ನಾನು ಹುಟ್ಟಿದ್ರೆ ಇಬ್ಬರೂ ಒಟ್ಟಿಗೆ ತೆಯ್ಶಿದೊಗೆ ನಡ್ಕೊಂಡು ಬರ್ತೀವಿ ಅಂತ ಅಪ್ಪ ಅಮ್ಮ ಹರಕೆ ಹೊತ್ತಿದ್ರಂತೆ. ನಾನು ಹುಟ್ಟಿದೆ. ಅವರು ಹೋಗಲೇ ಇಲ್ಲ."

ಬಲ್ಬಿನಾ ಅವರೇ, ಪ್ರತಿ ಸೆಪ್ಟೆಂಬರ್‌ನಲ್ಲೂ ಹೋಗೋಣ ಎಂದು ನಾನು ಚೀಲ ತೆಗೆದರೆ ಅವನು ಮುಂದಿನ ವರ್ಷ ಎನ್ನುತ್ತಿದ್ದ. ಸೋಮಾರಿ ಎಂದು ಬೈಯುತ್ತಿದ್ದೆ. ಅದು ಸೋಮಾರಿತನವಾಗಿದ್ದರೆ ಎಷ್ಟು ಚೆನ್ನಾಗಿತ್ತು! ನನ್ನ ಮನೆಯಲ್ಲಿದ್ದುಕೊಂಡು, ನನ್ನ ಅಡುಗೆ ಉಂಡು, ಆ ಒಂದು ದಾರಿಯನ್ನು ಮಾತ್ರ ಅವನು ನಿಮಗಾಗಿ ಎತ್ತಿಟ್ಟಿದ್ದ. ಅವನನ್ನು ಬಿಡುವಾಗ ನೀವು ಹೊತ್ತುಕೊಂಡು ಹೋಗಿದ್ದ ಬೆಳ್ಳಿ ಚಮಚಗಳಿಗೆ ಇಷ್ಟು ಹೊಟ್ಟೆ ಉರಿದಿರಲಿಲ್ಲ.

ಈಗ ಕೇಳಿ. ಶನಿವಾರ ನನ್ನ ಜೊತೆ, ಭಾನುವಾರ ನಿಮ್ಮ ಜೊತೆ ಎಂದು ಅವನು ಎರಡು ಸಲ ನಡೆಯಲಾರ. ಬದುಕಿದ್ದಾಗ ಒಂದು ಸಲವೂ ನಡೆಯದವನು. ಅವನು ಯಾರ ಕರೆಗೆ ಎದ್ದಿದ್ದಾನೋ ನನಗೆ ಗೊತ್ತಿಲ್ಲ. ಎರಡು ದಿನ ಖಾಲಿ ಗಾಳಿಯ ಜೊತೆ ಹರಟುತ್ತ ನಡೆಯಲು ನಾನು ತಯಾರಿಲ್ಲ. ನಾವಿಬ್ಬರೂ ಒಟ್ಟಿಗಿದ್ದರೆ, ಯಾರ ಹಿಂದೆ ಬಂದಿದ್ದರೂ ಅವನು ಅಲ್ಲಿರುತ್ತಾನೆ. ಅದಕ್ಕೇ ಶನಿವಾರ ಬೆಳಿಗ್ಗೆ ದಾರಿ ಶುರುವಾಗುವ ಶೂಬಿಯಾದ ಹಳೆಯ ಮಠದ ಬಾಗಿಲಿಗೆ ಬನ್ನಿ. ಇದು ಸ್ನೇಹವಲ್ಲ. ಅವನನ್ನು ನಡುವೆ ಬಿಟ್ಟುಕೊಂಡು ನಡೆಯೋಣ. ಎಡಗಡೆ ನಾನು, ಬಲಗಡೆ ಪೂರ್ತಿ ನಿಮಗೆ. ತಿರುವು ಬಂದಾಗ 'ಎಲಾದಿಯೊ, ಈ ಕಡೆ' ಎಂದು ಹೇಳುವವಳು ನಾನೇ. ಅವನನ್ನು ಮುದ್ದಿನ ಹೆಸರಿನಿಂದ ನೀವು ಕರೆಯಕೂಡದು.

ಪತ್ರವನ್ನು ಸಬೇಲಾಳ ಕೈಯಲ್ಲೇ ಕಳಿಸುತ್ತಿದ್ದೇನೆ. ಉತ್ತರ ಬರೆಯಬೇಡಿ, ಬನ್ನಿ.

ಇಂತಿ,
ದೊಸಿಂದಾ
ಎಲಾದಿಯೊನ ಹೆಂಡತಿ

ಮತ್ತೊಂದು ಮಾತು: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಕೊನೆಯ ಕೆಲವು ವರ್ಷ ಅವನಿಗೆ ಬಲಗಿವಿ ಸ್ವಲ್ಪವೂ ಕೇಳಿಸುತ್ತಿರಲಿಲ್ಲ. ನಿನಗೆ ಅದು ತಿಳಿಯುವ ದಾರಿಯಿರಲಿಲ್ಲ. ನನಗೆ ತಿಳಿದಿತ್ತು, ತಿಳಿದೇ ನಿನಗೆ ಬಲಗಡೆ ಕೊಟ್ಟೆ. ಮೊದಲ ದಿನದ ಊಟದವರೆಗೆ ಎಡಗಡೆ ನನ್ನದೇ, ಅದನ್ನು ಬಿಡುವುದಿಲ್ಲ. ಊಟವಾದ ಮೇಲೆ ನೀನು ಈ ಕಡೆ ಬಾ. ಸ್ವಲ್ಪ ಗಟ್ಟಿಯಾಗಿ ಮಾತಾಡು, ನನಗೂ ಕೇಳಿಸಲಿ.