ಹಗ್ಗ ಕಟ್ಟಿ ಜಗ್ಗಿದವನು ನಾನು

ಮಗದುಮ್ ಡಾಕ್ಟರಿಗೆ,

ನೀವು ತೀರಿಕೊಂಡು ನಾಲ್ಕು ತಿಂಗಳಾಯಿತು. ಆದರೂ ಇವತ್ತಿನ ಸುದ್ದಿಯನ್ನು ನಿಮಗೇ ಹೇಳಬೇಕು.

ಬೆಳಿಗ್ಗೆ ನಮ್ಮ ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ಸದಲಗಾಕ್ಕೆ ಹೊಸದಾಗಿ ಬಂದಿರುವ ಡಾಕ್ಟರ್ ಮೇಡಂ ಕೈ ತೊಳೆಯುವ ಮೊದಲೇ ಕೇಳಿದರು: "ನಾ ಬರೂಕಿಂತ ಮುಂಚೆ ಯಾರರ ಕರು ಜಗ್ಗೀರೇನ್ರಿ?"

"ಇಲ್ರಿ," ಅಂದ ಅಪ್ಪ, ನನ್ನ ಕಡೆ ಕೈ ತೋರಿಸಿ. "ಈ ಶಾಲಿ ಬಿಟ್ಟ ಶಾಣ್ಯಾನ್ನೂ ದೂರ ನಿಂದ್ರಿಸೀನಿ."

ಅವರು ಹಿಂದಕ್ಕೆ ತಿರುಗಿದ್ದ ಕರುವಿನ ತಲೆಯನ್ನು ನಿಧಾನವಾಗಿ ಮುಂದೆ ತಂದರು. ಎಮ್ಮೆ, ಕರು ಎರಡೂ ಉಳಿದವು.

ಹೋದ ವರ್ಷ ನಮ್ಮ ಹಳೇ ಎಮ್ಮೆ ಈಯುವಾಗ ನೀವೂ ಇದನ್ನೇ ಕೇಳಿದ್ದಿರಿ. ನೀವು ಬರುವ ಮೊದಲು, ಅಪ್ಪ ಹೊಲದಲ್ಲಿದ್ದಾಗ, ಸುಮ್ಮನೆ ನಿಲ್ಲಲಾರದೆ ನಾನು ಕರುವಿನ ಕಾಲಿಗೆ ಹಗ್ಗ ಕಟ್ಟಿ ಜಗ್ಗಿದ್ದೆ. ಹೌದು ಅಂದಿದ್ದರೆ ನೀವು ಮೊದಲು ಗರ್ಭಕೋಶ ಹರಿದಿದೆಯೇ ಎಂದು ನೋಡುತ್ತಿದ್ದಿರಿ. ನಾನು "ಇಲ್ರಿ" ಅಂದೆ. ಶಾಲೆ ಬಿಡುತ್ತೇನೆಂದು ಮಾಸ್ತರರ ಮುಖಕ್ಕೇ ಹೆದರದೆ ಹೇಳಿದವನು ಸುಳ್ಳು ಹೇಳಿಯಾನೆಂದು ಯಾರು ಅನುಮಾನಿಸುತ್ತಾರೆ?

ಎಮ್ಮೆ ಸತ್ತಾಗ ಅಪ್ಪ ಓಣಿಗೆಲ್ಲ ಕೇಳುವಂತೆ ಕೂಗಿದ: "ನಿಮ್ಮ ಕೈಯಾಗ ಯಾವ ದನಾ ಉಳದೈತ್ರಿ?" ನೀವು ಒಮ್ಮೆ ನನ್ನ ಮುಖ ನೋಡಿ, ಚೀಲ ಎತ್ತಿಕೊಂಡು ಹೊರಟಿರಿ. ಆಮೇಲೆ ಓಣಿಯಲ್ಲಿ ಯಾರೂ ನಿಮ್ಮನ್ನು ಕರೆಯಲಿಲ್ಲ. ನೀವು ವರ್ಗ ಮಾಡಿಸಿಕೊಂಡು ಹೋದಿರಿ.

ಇವತ್ತು ಸಂಜೆ ಇನ್ನೊಂದು ಎಮ್ಮೆಯ ಹಾಲು ತೆಗೆದುಕೊಂಡು ಡೇರಿಗೆ ಹೋದೆ. ಓಣಿಯವರೆಲ್ಲ ಸರದಿಯಲ್ಲಿ ನಿಂತಿದ್ದರು. ಜಗ್ಗಿದವನು ನಾನೆಂದು ಅವರೆದುರು ಹೇಳಬೇಕೆಂದೇ ಹೋಗಿದ್ದೆ.

ಹಾಲಷ್ಟೇ ಹಾಕಿ ಬಂದೆ.

ಧರೆಪ್ಪನ ಮಗ ಶಿವರಾಜ